ರಾಮ್ಸೆ ಮ್ಯಾಕ್‌ಡೊನಾಲ್ಡ್: ತಾನು ಕಟ್ಟಿದ ಪಕ್ಷವೇ ಹೊರಹಾಕಿದ ಪ್ರಧಾನಿ

ನಮ್ಮಲ್ಲಿ ಹೈಸ್ಕೂಲಿನ ಇತಿಹಾಸ ಓದಿದವರಿಗೆಲ್ಲ ಈ ಹೆಸರು ಒಂದು ಸಾಲಿನಲ್ಲಿ ಬಂದು ಹೋಗಿರುತ್ತದೆ. 1932, ಬ್ರಿಟಿಷ್ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್, ಕೋಮುವಾರು ತೀರ್ಪು, ಯರವಾಡ ಜೈಲಿನಲ್ಲಿ ಗಾಂಧೀಜಿ ಉಪವಾಸ, ಪೂನಾ ಒಪ್ಪಂದ. ಎರಡು ಅಂಕದ ಪ್ರಶ್ನೆ. ಉತ್ತರ ಬರೆದು ಮುಂದಿನ ಪುಟಕ್ಕೆ ಹೋಗುತ್ತೇವೆ. ಆ ಪ್ರಧಾನಿ ಯಾರು, ಎಲ್ಲಿಂದ ಬಂದ, ಆಮೇಲೆ ಏನಾದ ಎಂದು ನಾವು ಕೇಳುವುದಿಲ್ಲ. ಬ್ರಿಟಿಷ್ ಪ್ರಧಾನಿ ಎಂದಮೇಲೆ ಯಾರೋ ಜಮೀನ್ದಾರರ ಮನೆಯವನು, ದೊಡ್ಡ ಕಾಲೇಜಿನಲ್ಲಿ ಓದಿದವನು ಇರಬೇಕು ಎಂದುಕೊಂಡು ಸುಮ್ಮನಾಗುತ್ತೇವೆ.

ಈತ ಸ್ಕಾಟ್‌ಲೆಂಡಿನ ಒಂದು ಮೀನುಗಾರರ ಊರಿನಲ್ಲಿ, ಮದುವೆಯಾಗದ ಮನೆಗೆಲಸದ ಹೆಣ್ಣುಮಗಳಿಗೆ ಹುಟ್ಟಿದವನು. ಬ್ರಿಟನ್ನಿನ ಮೊದಲ ಲೇಬರ್ ಪ್ರಧಾನಿ. ಆ ಲೇಬರ್ ಪಕ್ಷವನ್ನು ಕಡತ, ಕಾಗದ, ಅಂಚೆಚೀಟಿಯ ಮಟ್ಟದಿಂದ ಕಟ್ಟಿದವರಲ್ಲಿ ಮುಖ್ಯನು. ಕೊನೆಗೆ ಅದೇ ಪಕ್ಷ ಆತನನ್ನು ಹೊರಗೆ ಹಾಕಿತು. ಲೇಬರ್ ವಲಯದಲ್ಲಿ ದಶಕಗಳ ಕಾಲ ಆತನ ಹೆಸರು ಬೈಗುಳದಂತೆ ಬಳಕೆಯಾಯಿತು.

ಆತ ತನ್ನ ಪಕ್ಷದ ಬಹುಪಾಲು ಜನರಿಗೆ ಎದುರಾಗಿ ನಿಂತದ್ದು ಎರಡು ಸಲ. 1914ರಲ್ಲಿ ಒಮ್ಮೆ, 1931ರಲ್ಲಿ ಇನ್ನೊಮ್ಮೆ. ಮೊದಲನೆಯದಕ್ಕೆ ದೇಶವೆಲ್ಲ ಕಲ್ಲು ಹೊಡೆಯಿತು, ಪಕ್ಷದವರು ಆಮೇಲೆ ತಲೆಯ ಮೇಲೆ ಹೊತ್ತರು. ಎರಡನೆಯದಕ್ಕೆ ದೇಶ ಹಾರ ಹಾಕಿತು, ಪಕ್ಷದವರು ದ್ರೋಹಿ ಎಂದರು. ಎರಡು ಸಲವೂ ಹಾಗೆ ನಿಂತವನು ಒಬ್ಬನೇ ಮನುಷ್ಯ, ಒಂದೇ ಸ್ವಭಾವ ಎಂಬುದು ನನ್ನ ವಾದ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿ.

ಊರಿನ ಹೆಸರು ಲಾಸಿಮತ್. ಸ್ಕಾಟ್‌ಲೆಂಡಿನ ಈಶಾನ್ಯಕ್ಕೆ, ಮೊರೆ ಎಂಬ ಸೀಮೆಯ ಕಡಲಂಚಿನಲ್ಲಿದೆ. 1866ರ ಅಕ್ಟೋಬರ್ 12ರಂದು ಆತ ಹುಟ್ಟಿದ. ತಾಯಿ ಆ್ಯನ್ ರಾಮ್ಸೆ. ತಂದೆ ಜಾನ್ ಮ್ಯಾಕ್‌ಡೊನಾಲ್ಡ್, ಹೊಲದಲ್ಲಿ ನೇಗಿಲು ಹಿಡಿಯುತ್ತಿದ್ದ ಆಳು. ಇಬ್ಬರಿಗೂ ಮದುವೆ ಆಗಲಿಲ್ಲ. ಮಗು ಬೆಳೆದದ್ದು ಅಜ್ಜಿ ಬೆಲ್ಲಾ ರಾಮ್ಸೆಯ ಮನೆಯಲ್ಲಿ. ಎರಡು ಕೋಣೆಯ ಮನೆ, ಹೊಲಿಗೆ ಕೆಲಸದ ಸಂಪಾದನೆ.

ಇಲ್ಲಿ ಸ್ಕಾಟ್‌ಲೆಂಡಿನ ಒಂದು ವಿಶೇಷ ಹೇಳಬೇಕು. ಬಡವರ ಮಕ್ಕಳಿಗೂ ಓದು ಸಿಗುವ ಊರಶಾಲೆಗಳ ಪರಂಪರೆ ಅಲ್ಲಿ ಬಹಳ ಹಿಂದಿನಿಂದ ಇತ್ತು. ಊರಶಾಲೆಯ ಮೇಷ್ಟ್ರು ಜಾಣ ಹುಡುಗನೊಬ್ಬನನ್ನು ಗುರುತಿಸಿದರೆ ಅವನನ್ನು ಬಿಡುತ್ತಿರಲಿಲ್ಲ. ಡ್ರೇನಿ ಎಂಬಲ್ಲಿದ್ದ ಶಾಲೆಗೆ ಈ ಹುಡುಗ ನಡೆದುಕೊಂಡು ಹೋಗುತ್ತಿದ್ದ. ಶಾಲೆ ಮುಗಿಸಿ ಹೊಲದ ಕೂಲಿಗೆ ಸೇರಿದವನನ್ನು ಮೇಷ್ಟ್ರೇ ವಾಪಸು ಕರೆಸಿದರು. ಚಿಕ್ಕ ಮಕ್ಕಳಿಗೆ ಪಾಠ ಹೇಳುವ, ತಾನೂ ಕಲಿಯುವ ಕೆಲಸ ಕೊಟ್ಟರು. ಸಂಬಳ ವರ್ಷಕ್ಕೆ ಏಳೂವರೆ ಪೌಂಡ್. ನಾಲ್ಕು ವರ್ಷ ಹಾಗೆ ಕಳೆಯಿತು. ಒಬ್ಬ ಮೇಷ್ಟ್ರು ಕೂಗಿ ಕರೆಯದಿದ್ದರೆ ಈ ಕಥೆ ಅಲ್ಲಿಯೇ ಆಲೂಗಡ್ಡೆ ಹೊಲದಲ್ಲಿ ಮುಗಿಯುತ್ತಿತ್ತು. ನಮ್ಮೂರುಗಳಲ್ಲೂ ಇಂಥ ಮೇಷ್ಟ್ರುಗಳು ಇದ್ದರು, ನಿಮ್ಮಲ್ಲಿ ಕೆಲವರಿಗಾದರೂ ಒಬ್ಬರ ಮುಖ ಈಗ ನೆನಪಾಗಿರಬಹುದು.

1885ರಲ್ಲಿ ಬ್ರಿಸ್ಟಲ್, ಮರುವರ್ಷ ಲಂಡನ್. ಲಂಡನ್ನಿನಲ್ಲಿ ಕೈಯಲ್ಲಿ ಕಾಸಿಲ್ಲ. ಸೈಕಲ್ ಸವಾರರ ಸಂಘವೊಂದರ ಕಚೇರಿಯಲ್ಲಿ ಲಕೋಟೆಗಳ ಮೇಲೆ ವಿಳಾಸ ಬರೆಯುವ ಕೆಲಸ. ಊರಿನಿಂದ ಬರುತ್ತಿದ್ದ ಓಟ್ಸ್ ಹಿಟ್ಟಿನ ಗಂಜಿ ಊಟ. ಚಹಾ ಕೊಳ್ಳಲಾಗದೆ ಬಿಸಿನೀರು ಕುಡಿಯುತ್ತಿದ್ದ. ರಾತ್ರಿ ಹೊತ್ತು ವಿಜ್ಞಾನದ ಓದು. ಸ್ಕಾಲರ್‌ಶಿಪ್ ಪರೀಕ್ಷೆಗೆ ತಯಾರಿ ಮಾಡುತ್ತ ಮಾಡುತ್ತ ಆರೋಗ್ಯ ಕೆಟ್ಟಿತು, ವಿಜ್ಞಾನಿಯಾಗುವ ಆಸೆ ಅಲ್ಲಿಗೇ ನಿಂತಿತು. ಆದರೆ ಆ ಓದು ತಲೆಯಿಂದ ಹೋಗಲಿಲ್ಲ. ಸಮಾಜವೂ ಒಂದು ಜೀವಿ, ಅದು ನಿಧಾನವಾಗಿ ವಿಕಾಸವಾಗುತ್ತದೆ, ಕತ್ತರಿಸಿ ಜೋಡಿಸಿ ಹೊಸದು ಮಾಡಲಾಗದು ಎಂಬ ನಂಬಿಕೆ ಆತನ ಸಮಾಜವಾದದ ತಿರುಳಾಯಿತು. ಬಂಡವಾಳಶಾಹಿ ಚೆನ್ನಾಗಿ ಬೆಳೆದು, ಹಣ್ಣಾಗಿ, ಅದರೊಳಗಿನಿಂದಲೇ ಸಮಾಜವಾದ ಬರುತ್ತದೆ ಎಂದು ಆತ ಬರೆದ, ಭಾಷಣ ಮಾಡಿದ. ಬಂಡವಾಳಶಾಹಿ ಹಣ್ಣಾಗುವ ಬದಲು ಕೊಳೆತು ಬಿದ್ದರೆ ಏನು ಮಾಡಬೇಕು? ಅದಕ್ಕೆ ಆತನ ಸಿದ್ಧಾಂತದಲ್ಲಿ ಜಾಗವೇ ಇರಲಿಲ್ಲ. ಈ ಪ್ರಶ್ನೆಗೆ ಆಮೇಲೆ ಬರೋಣ.

1895ರಲ್ಲಿ ಸೌತಾಂಪ್ಟನ್‌ನಲ್ಲಿ ಚುನಾವಣೆಗೆ ನಿಂತು ಸೋತ. ಆ ಚುನಾವಣೆಗೆ ವಂತಿಗೆ ಕಳಿಸಿದವರಲ್ಲಿ ಮಾರ್ಗರೆಟ್ ಗ್ಲಾಡ್‌ಸ್ಟನ್ ಎಂಬ ಹುಡುಗಿ ಇದ್ದಳು. ಹೆಸರಾಂತ ರಸಾಯನ ವಿಜ್ಞಾನಿಯೊಬ್ಬರ ಮಗಳು. ಮರುವರ್ಷ ಮದುವೆ. ಆಕೆಗೆ ತವರಿನ ಕಡೆಯಿಂದ ವರಮಾನವಿತ್ತು. ಸಂಬಳವಿಲ್ಲದ ರಾಜಕಾರಣ ಮಾಡಲು ಗಂಡನಿಗೆ ಸಾಧ್ಯವಾದದ್ದು ಅದರಿಂದ. ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್‌ನಲ್ಲಿ ಇವರ ಮನೆ. 1900ರ ಫೆಬ್ರವರಿಯಲ್ಲಿ ಕಾರ್ಮಿಕ ಸಂಘಗಳೂ ಸಮಾಜವಾದಿಗಳೂ ಸೇರಿ ಒಂದು ಸಮಿತಿ ಮಾಡಿಕೊಂಡರು, ಮುಂದೆ ಲೇಬರ್ ಪಕ್ಷವಾದದ್ದು ಅದೇ. ಅದಕ್ಕೆ ಕಾರ್ಯದರ್ಶಿ ಮ್ಯಾಕ್‌ಡೊನಾಲ್ಡ್. ಪಕ್ಷದ ಕಚೇರಿ ಎಂದರೆ ಈ ಗಂಡಹೆಂಡಿರ ಮನೆ. ಮಕ್ಕಳ ಆಟಿಕೆ ಒಂದು ಕಡೆ, ಸಂಘಗಳ ಕಾಗದಪತ್ರ ಇನ್ನೊಂದು ಕಡೆ.

ಪಕ್ಷ ಕಟ್ಟುವುದು ಎಂದರೆ ನಮಗೆ ವೇದಿಕೆ, ಭಾಷಣ, ಮೆರವಣಿಗೆ ಕಣ್ಣಿಗೆ ಬರುತ್ತದೆ. ಈತ ಮಾಡಿದ್ದು ಲೆಕ್ಕಾಚಾರ. 1903ರಲ್ಲಿ ಲಿಬರಲ್ ಪಕ್ಷದ ಮುಖ್ಯ ಸಚೇತಕ ಹರ್ಬರ್ಟ್ ಗ್ಲಾಡ್‌ಸ್ಟನ್ ಜೊತೆ ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡ. ಸುಮಾರು 30 ಕ್ಷೇತ್ರಗಳಲ್ಲಿ ಲಿಬರಲ್ಲರು ಲೇಬರ್ ಅಭ್ಯರ್ಥಿಗೆ ಎದುರು ನಿಲ್ಲಬಾರದು, ಎಷ್ಟೋ ಕಡೆ ಲೇಬರ್ ತಾನು ಸುಮ್ಮನಿರಬೇಕು. ಪಕ್ಷದ ಬಹುಪಾಲು ಜನರಿಗೆ ಇದು ಗೊತ್ತೇ ಇರಲಿಲ್ಲ. 1900ರ ಚುನಾವಣೆಯಲ್ಲಿ ಗೆದ್ದವರು ಇಬ್ಬರು, 1906ರಲ್ಲಿ 29 ಮಂದಿ. ಲೆಸ್ಟರ್‌ನಿಂದ ಮ್ಯಾಕ್‌ಡೊನಾಲ್ಡ್ ಕೂಡ ಗೆದ್ದು ಬಂದ. ಸೀಟು ಹೊಂದಾಣಿಕೆ ಎಂದು ನಾವು ಇವತ್ತು ಮೂಗು ಮುರಿಯುವ ಕೆಲಸದಿಂದಲೇ ಒಂದು ದೊಡ್ಡ ಪಕ್ಷ ಹುಟ್ಟಿತು ಎಂಬುದನ್ನು ಮರೆಯಬಾರದು.

ಆಮೇಲೆ ಮನೆಯ ಮೇಲೆ ಸಾವು ಎರಗಿತು. 1910ರ ಫೆಬ್ರವರಿಯಲ್ಲಿ ಮಗ ಡೇವಿಡ್ ಗಂಟಲಮಾರಿಯಿಂದ ತೀರಿಕೊಂಡ. ಕೆಲವೇ ದಿನಗಳಲ್ಲಿ ತಾಯಿ ಆ್ಯನ್ ಹೋದಳು. ಮರುವರ್ಷ ಸೆಪ್ಟೆಂಬರಿನಲ್ಲಿ ರಕ್ತ ನಂಜಾಗಿ ಮಾರ್ಗರೆಟ್ ಸತ್ತಳು. ಐದು ಮಕ್ಕಳು ಉಳಿದವು. ಆತ ಮತ್ತೆ ಮದುವೆಯಾಗಲಿಲ್ಲ. ಮೊದಲೇ ಗಂಭೀರದವನು, ಆಮೇಲೆ ಯಾರಿಗೂ ಹತ್ತಿರ ಬಿಟ್ಟುಕೊಡದವನಾದ ಎಂದು ಜೊತೆಯವರೆಲ್ಲ ಹೇಳಿದ್ದಾರೆ. ಪಕ್ಷದೊಳಗೆ ಸಹೋದ್ಯೋಗಿಗಳಿದ್ದರು, ಅಭಿಮಾನಿಗಳಿದ್ದರು. ಮನಸ್ಸು ಬಿಚ್ಚುವಂಥ ಗೆಳೆಯರು ಕಡಿಮೆ. 1931ರ ಆಗಸ್ಟ್ ತಿಂಗಳನ್ನು ಅರ್ಥ ಮಾಡಿಕೊಳ್ಳಲು ಇದನ್ನು ತಿಳಿದಿರಬೇಕು.

ಅದೇ 1911ರಲ್ಲಿ ನಮಗೆ ಸಂಬಂಧಪಟ್ಟ ಒಂದು ಸಂಗತಿ ಇದೆ. ಆ ವರ್ಷ ಡಿಸೆಂಬರಿನಲ್ಲಿ ಕಲ್ಕತ್ತದಲ್ಲಿ ಕಾಂಗ್ರೆಸ್ ಅಧಿವೇಶನ. ಅಧ್ಯಕ್ಷರಾಗಬೇಕೆಂದು ಕಾಂಗ್ರೆಸ್ ಕರೆದದ್ದು ಈ ಸ್ಕಾಟ್‌ಲೆಂಡಿನವನನ್ನು. ಹೆಂಡತಿಯ ಸಾವಿನಿಂದಾಗಿ ಬರಲಾಗಲಿಲ್ಲ. 1909ರಲ್ಲಿ ದಂಪತಿ ಭಾರತವನ್ನು ಸುತ್ತಿ ಹೋಗಿದ್ದರು, ಆ ಪ್ರವಾಸದ ಮೇಲೆ ಆತ ಒಂದು ಪುಸ್ತಕ ಬರೆದಿದ್ದ. 1912ರಲ್ಲಿ ಭಾರತದ ಸರ್ಕಾರಿ ನೌಕರಿಗಳ ಬಗ್ಗೆ ರಾಯಲ್ ಕಮಿಷನ್ ನೇಮಕವಾದಾಗ ಆತ ಸದಸ್ಯನಾಗಿ ಮತ್ತೆ ಬಂದ. ಅದೇ ಕಮಿಷನ್ನಿನಲ್ಲಿ ಗೋಖಲೆಯವರೂ ಇದ್ದರು. ಅಂದರೆ ನಮ್ಮ ಹಳೆಯ ತಲೆಮಾರಿನ ನಾಯಕರಿಗೆ ಈತ ಗುರುತಿನವನು, ಒಂದು ಭರವಸೆ. ಪಠ್ಯಪುಸ್ತಕದ ಆ ಒಂದು ಸಾಲಿನಲ್ಲಿ ಇದು ಯಾವುದೂ ಇಲ್ಲ.

ಈಗ 1914. ಆಗಸ್ಟ್ 3ರಂದು ವಿದೇಶಾಂಗ ಸಚಿವ ಗ್ರೇ ಸಂಸತ್ತಿನಲ್ಲಿ ಮಾತಾಡಿದ. ಇಡೀ ಸಭೆ ಯುದ್ಧದ ಕಡೆ ವಾಲಿತ್ತು. ಲೇಬರ್ ಸಂಸದರ ನಾಯಕನಾಗಿದ್ದ ಮ್ಯಾಕ್‌ಡೊನಾಲ್ಡ್ ಎದ್ದು, ನಾವು ತಟಸ್ಥರಾಗಿ ಉಳಿಯಬೇಕು ಎಂದ. ಒಂದೆರಡು ದಿನದೊಳಗೆ ಆತನದೇ ಪಕ್ಷ ಯುದ್ಧದ ಖರ್ಚಿಗೆ ಒಪ್ಪಿಗೆ ಕೊಟ್ಟಿತು. ಆತ ನಾಯಕತ್ವಕ್ಕೆ ರಾಜೀನಾಮೆ ಕೊಟ್ಟ.

ಮುಂದಿನ ನಾಲ್ಕು ವರ್ಷ ಆತನಿಗೆ ಆದದ್ದು ಕೇಳಿ. ಹೊರೇಶಿಯೋ ಬಾಟಮ್ಲಿ ಎಂಬವನ ‘ಜಾನ್ ಬುಲ್’ ಪತ್ರಿಕೆ ಈತನನ್ನು ದೇಶದ್ರೋಹಿ ಎಂದು ಕರೆದು ಸುಮ್ಮನಾಗಲಿಲ್ಲ. 1915ರ ಸೆಪ್ಟೆಂಬರಿನಲ್ಲಿ ಆತನ ಜನನ ಪ್ರಮಾಣಪತ್ರವನ್ನೇ ಅಚ್ಚು ಹಾಕಿತು. ಅಪ್ಪನ ಹೆಸರಿಲ್ಲದ ಪ್ರಮಾಣಪತ್ರ. ಮಗುವಿನ ಹೆಸರು ಜೇಮ್ಸ್ ಮ್ಯಾಕ್‌ಡೊನಾಲ್ಡ್ ರಾಮ್ಸೆ. ತನ್ನನ್ನು ರಾಮ್ಸೆ ಎಂಬ ಮನೆತನದ ಹೆಸರಿನಲ್ಲಿ ನೋಂದಾಯಿಸಿದ್ದು ಆತನಿಗೂ ಅದುವರೆಗೆ ತಿಳಿದಿರಲಿಲ್ಲ. ಅವತ್ತು ದಿನಚರಿಯಲ್ಲಿ ಆತ ಬರೆದುಕೊಂಡದ್ದರಲ್ಲಿ ಒಂದು ಮಾತು: ಸದ್ಯ, ತಾಯಿ ಇದನ್ನು ನೋಡಲು ಬದುಕಿಲ್ಲ.

ಬಾಟಮ್ಲಿಯ ಬಗ್ಗೆ ಒಂದು ಪಕ್ಕದ ಮಾತು. ದೇಶಭಕ್ತಿಯ ಗುತ್ತಿಗೆ ಹಿಡಿದಿದ್ದ ಈ ಮಹಾಶಯ ಯುದ್ಧ ಮುಗಿದ ಮೇಲೆ ಸಾಮಾನ್ಯ ಜನರಿಂದ ಬಾಂಡ್ ಹೆಸರಿನಲ್ಲಿ ಹಣ ಎತ್ತಿ ನುಂಗಿದ್ದಕ್ಕೆ 1922ರಲ್ಲಿ ಜೈಲಿಗೆ ಹೋದ.

ಇನ್ನು ಗಾಲ್ಫ್ ಕ್ಲಬ್ಬಿನ ಕಥೆ. ಸ್ಕಾಟ್‌ಲೆಂಡಿನಲ್ಲಿ ಗಾಲ್ಫ್ ಎಂದರೆ ಊರಿನವರ ಆಟ. ಲಾಸಿಮತ್‌ನ ಮೊರೆ ಗಾಲ್ಫ್ ಕ್ಲಬ್ಬಿಗೆ ಈತ ಸದಸ್ಯ. 1916ರಲ್ಲಿ ಕ್ಲಬ್ಬು ಸಭೆ ಸೇರಿ, ಇವನಿಂದ ನಮ್ಮ ಹೆಸರು ಕೆಡುತ್ತಿದೆ ಎಂದು ಮತ ಹಾಕಿ ತೆಗೆದುಹಾಕಿತು. ಸ್ವಂತ ಊರಿನ ಕ್ಲಬ್ಬು. ಮುಂದೆ ಆತ ಪ್ರಧಾನಿಯಾದ ಮೇಲೂ 1924ರಲ್ಲಿ ವಾಪಸು ಸೇರಿಸಿಕೊಳ್ಳುವ ಪ್ರಸ್ತಾಪ ಬಿದ್ದುಹೋಯಿತು. 1929ರಲ್ಲಿ ಒಪ್ಪಿದರು. ಆಗ ಈತ ಹೋಗಲಿಲ್ಲ. ಊರಿಗೆ ಬಂದಾಗ ಸ್ಪೇ ಬೇ ಎಂಬ ಬೇರೆ ಕಡೆಗೆ ಹೋಗಿ ಆಡುತ್ತಿದ್ದ. ಈ ಹಟವನ್ನು ಗಮನಿಸಿ. ಅವಮಾನವನ್ನು ಆತ ಮರೆಯುವುದಿಲ್ಲ, ಕೂಗಾಡುವುದೂ ಇಲ್ಲ. ದೂರ ಸರಿಯುತ್ತಾನೆ.

1917ರಲ್ಲಿ ಕ್ರಾಂತಿಯ ರಷ್ಯಾಕ್ಕೆ ಹೋಗಲು ಹೊರಟಾಗ ಹಡಗಿನ ನಾವಿಕರ ಸಂಘ ಆತನನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕಾರ್ಮಿಕರೇ ಕಾರ್ಮಿಕ ನಾಯಕನನ್ನು ದಡದಲ್ಲಿ ಬಿಟ್ಟರು. 1918ರ ಚುನಾವಣೆಯಲ್ಲಿ ಲೆಸ್ಟರ್‌ನಲ್ಲಿ ಸುಮಾರು 14,000 ಮತಗಳಿಂದ ಸೋತ. 1921ರಲ್ಲಿ ವುಲಿಚ್ ಉಪಚುನಾವಣೆಯಲ್ಲಿ ಶೌರ್ಯಪದಕ ಪಡೆದ ಸೈನಿಕನೊಬ್ಬನ ಎದುರು ಮತ್ತೆ ಸೋಲು.

ಆದರೆ ಯುದ್ಧದ ಅಮಲು ಇಳಿಯಿತು. ಸತ್ತವರ ಲೆಕ್ಕ ಸಿಕ್ಕಿತು, ನಿರುದ್ಯೋಗ ಬಂತು. 1914ರಲ್ಲಿ ಬೇಡ ಎಂದವನು ಯಾರು ಎಂದು ಜನ ನೆನಪು ಮಾಡಿಕೊಂಡರು. 1922ರಲ್ಲಿ ವೇಲ್ಸಿನ ಅಬೆರಾವನ್‌ನಿಂದ ಗೆದ್ದು ಬಂದ. ಪಕ್ಷದ ನಾಯಕತ್ವಕ್ಕೆ ಮತ ಹಾಕಿದಾಗ 61ಕ್ಕೆ 56ರಲ್ಲಿ ಗೆದ್ದ. ಆ ಐದು ಮತದ ಅಂತರ ಬಂದದ್ದು ಎಲ್ಲಿಂದ? ಗ್ಲಾಸ್ಗೋ ಸುತ್ತಮುತ್ತಲಿನ ಕ್ಲೈಡ್ ನದಿ ಸೀಮೆಯಿಂದ ಆರಿಸಿ ಬಂದ ಕಟ್ಟಾ ಎಡಪಂಥೀಯರಿಂದ, ವೀಟ್ಲಿ, ಮ್ಯಾಕ್ಸ್‌ಟನ್ ಮುಂತಾದವರಿಂದ. ಯುದ್ಧ ವಿರೋಧಿಸಿದವನು ನಮ್ಮಂತೆ ಕ್ರಾಂತಿಕಾರಿಯೇ ಇರಬೇಕು ಎಂದುಕೊಂಡರು. ಆತನ ಪುಸ್ತಕಗಳನ್ನು ಓದಿದ್ದರೆ ಹಾಗೆಂದುಕೊಳ್ಳುತ್ತಿರಲಿಲ್ಲ.

1923ರ ಡಿಸೆಂಬರ್ ಚುನಾವಣೆ. ಕನ್ಸರ್ವೇಟಿವ್ 258, ಲೇಬರ್ 191, ಲಿಬರಲ್ 158. ಯಾರಿಗೂ ಬಹುಮತವಿಲ್ಲ. ಲಿಬರಲ್ಲರು ಕನ್ಸರ್ವೇಟಿವ್ ಸರ್ಕಾರವನ್ನು ಬೀಳಿಸಿದರು. 1924ರ ಜನವರಿ 22ರಂದು ಮ್ಯಾಕ್‌ಡೊನಾಲ್ಡ್ ಪ್ರಧಾನಿಯಾದ. ವಿಕ್ಟೋರಿಯಾ ರಾಣಿ ಸತ್ತು ಅವತ್ತಿಗೆ ಸರಿಯಾಗಿ 23 ವರ್ಷ. ಲೇಬರ್ ಸರ್ಕಾರ ನೋಡಿದ್ದರೆ ಅಜ್ಜಿ ಏನನ್ನುತ್ತಿದ್ದರೋ ಎಂದು ಐದನೆಯ ಜಾರ್ಜ್ ದೊರೆ ದಿನಚರಿಯಲ್ಲಿ ಬರೆದುಕೊಂಡ. ಸಂಪುಟದಲ್ಲಿ ರೈಲು ಎಂಜಿನ್ ಓಡಿಸಿದವನಿದ್ದ, ಎರಕದ ಕುಲುಮೆಯಲ್ಲಿ ದುಡಿದವನಿದ್ದ, ಹತ್ತನೇ ವಯಸ್ಸಿಗೆ ಹತ್ತಿಗಿರಣಿ ಸೇರಿದವನಿದ್ದ. ಅರಮನೆಗೆ ಹೋಗುವಾಗ ದರ್ಬಾರಿನ ಪೋಷಾಕು ಹಾಕಬೇಕೋ ಬೇಡವೋ ಎಂಬುದೇ ಪಕ್ಷದಲ್ಲಿ ದೊಡ್ಡ ಚರ್ಚೆಯಾಯಿತು. ಮ್ಯಾಕ್‌ಡೊನಾಲ್ಡ್ ಹಾಕಿದ. ನೋಡಲು ಎತ್ತರದ ಚೆಲುವ, ಒಳ್ಳೆಯ ಕಂಠ. ಪೋಷಾಕು ಒಪ್ಪಿತು ಕೂಡ. ಒಪ್ಪಿದ್ದೇ ತಪ್ಪಾಯಿತು ಎಂದು ಹೇಳುವವರು ಆಮೇಲೆ ಬಹಳ ಜನ ಬಂದರು.

ಅಲ್ಪಮತದ ಸರ್ಕಾರ ಎಂದರೆ ಬಾಡಿಗೆ ಮನೆ ಇದ್ದ ಹಾಗೆ, ಗೋಡೆಗೆ ಮೊಳೆ ಹೊಡೆಯಬೇಕಾದರೂ ಓನರ್ ಮುಖ ನೋಡಬೇಕು. ಆದರೂ ಒಂಬತ್ತು ತಿಂಗಳಲ್ಲಿ ಎರಡು ಗಟ್ಟಿ ಕೆಲಸ ಆದವು. ಒಂದು, ಕ್ಲೈಡ್ ಸೀಮೆಯ ಆ ವೀಟ್ಲಿ ತಂದ ವಸತಿ ಕಾಯ್ದೆ. ನಗರಸಭೆಗಳು ಬಾಡಿಗೆಗೆ ಕೊಡುವ ಮನೆ ಕಟ್ಟಲು ಸರ್ಕಾರದ ಸಹಾಯಧನ. ಹತ್ತು ವರ್ಷದೊಳಗೆ ಅದರಡಿ 5 ಲಕ್ಷಕ್ಕೂ ಹೆಚ್ಚು ಮನೆಗಳು ಎದ್ದವು. ಇನ್ನೊಂದು, ವಿದೇಶಾಂಗ ಖಾತೆಯನ್ನು ತಾನೇ ಇಟ್ಟುಕೊಂಡಿದ್ದ ಮ್ಯಾಕ್‌ಡೊನಾಲ್ಡ್ ಲಂಡನ್ನಿನಲ್ಲಿ ಫ್ರಾನ್ಸ್ ಮತ್ತು ಜರ್ಮನಿಯನ್ನು ಒಂದೇ ಮೇಜಿಗೆ ಕೂರಿಸಿದ. ಜರ್ಮನಿ ಕೊಡಬೇಕಾಗಿದ್ದ ಪರಿಹಾರದ ಕಂತು ನಿಗದಿಯಾಯಿತು, ಜರ್ಮನಿಯ ರೂರ್ ಪ್ರದೇಶದಿಂದ ಫ್ರೆಂಚ್ ಸೈನ್ಯ ಹಿಂದೆ ಸರಿಯಲು ಒಪ್ಪಿತು.

ಬಿಸ್ಕತ್ತಿನ ಹಗರಣ ಹೇಳದೆ ಮುಂದೆ ಹೋಗಲಾಗದು. ಆಗಿನ ಪ್ರಧಾನಿಗೆ ಸರ್ಕಾರಿ ಕಾರು ಇರಲಿಲ್ಲ, ಅಧಿಕೃತ ನಿವಾಸಕ್ಕೆ ಪಾತ್ರೆಪಡಗ, ಹಾಸಿಗೆ ಬಟ್ಟೆಯನ್ನೂ ತಾನೇ ತರಬೇಕಿತ್ತು. ಹಿಂದಿನವರೆಲ್ಲ ಉಳ್ಳವರು, ತಂದರು. ಈತನ ಮಗಳು ಇಷ್‌ಬೆಲ್, ಇಪ್ಪತ್ತು ದಾಟಿದ ಹುಡುಗಿ, ರಿಯಾಯಿತಿ ಮಾರಾಟ ಹುಡುಕಿಕೊಂಡು ಹೋಗಿ ಸಾಮಾನು ಕೊಂಡಳು. ಮೊರೆ ಸೀಮೆಯವನೇ ಆದ ಹಳೆಯ ಗೆಳೆಯ ಅಲೆಕ್ಸಾಂಡರ್ ಗ್ರಾಂಟ್, ಮ್ಯಾಕ್‌ವಿಟೀಸ್ ಬಿಸ್ಕತ್ತು ಕಂಪನಿಯ ಒಡೆಯ, ಒಂದು ಡೈಮ್ಲರ್ ಕಾರನ್ನೂ ಅದರ ಖರ್ಚಿಗೆಂದು ತನ್ನ ಕಂಪನಿಯ ಷೇರುಗಳನ್ನೂ ಕೊಟ್ಟ. ಅದೇ ವರ್ಷ ಗ್ರಾಂಟ್‌ಗೆ ಬ್ಯಾರನೆಟ್ ಎಂಬ ಗೌರವ ಪದವಿ ಬಂತು. ಪತ್ರಿಕೆಗಳಿಗೆ ಇನ್ನೇನು ಬೇಕು? ಸಭೆಗಳಲ್ಲಿ ಜನ ‘ಬಿಸ್ಕತ್ತು, ಬಿಸ್ಕತ್ತು’ ಎಂದು ಕೂಗಿದರು. ಗ್ರಾಂಟ್ ಅದಕ್ಕೂ ಮುಂಚೆಯೇ ಸ್ಕಾಟ್‌ಲೆಂಡಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಭಾರಿ ದಾನ ಕೊಟ್ಟಿದ್ದ, ಪದವಿ ಅದಕ್ಕೆ ಸಂದದ್ದು. ನನಗನಿಸುವಂತೆ ಇದರಲ್ಲಿ ಲಂಚವಿರಲಿಲ್ಲ, ವಿವೇಚನೆಯೂ ಇರಲಿಲ್ಲ.

ಸರ್ಕಾರ ಬಿದ್ದದ್ದು ಸಣ್ಣ ಕಾರಣಕ್ಕೆ. ಕಮ್ಯುನಿಸ್ಟ್ ಪತ್ರಿಕೆಯೊಂದರ ಸಂಪಾದಕನ ಮೇಲಿನ ಮೊಕದ್ದಮೆ ಕೈಬಿಟ್ಟದ್ದು ವಿವಾದವಾಗಿ ಸದನದಲ್ಲಿ ಸೋಲಾಯಿತು. ಚುನಾವಣೆಗೆ ನಾಲ್ಕು ದಿನ ಇದೆ ಎನ್ನುವಾಗ ‘ಡೈಲಿ ಮೇಲ್’ ಒಂದು ಪತ್ರ ಪ್ರಕಟಿಸಿತು. ಮಾಸ್ಕೋದ ಕಮ್ಯುನಿಸ್ಟ್ ನಾಯಕ ಝಿನೊವಿಯೆವ್ ಬ್ರಿಟಿಷ್ ಕಮ್ಯುನಿಸ್ಟರಿಗೆ ದಂಗೆಗೆ ಕುಮ್ಮಕ್ಕು ಕೊಟ್ಟು ಬರೆದದ್ದಂತೆ. ಅದು ನಕಲಿ ಎಂದೇ ಇವತ್ತು ಇತಿಹಾಸಕಾರರು ಬಹುಮಟ್ಟಿಗೆ ಒಪ್ಪುತ್ತಾರೆ. ಲೇಬರ್ 151ಕ್ಕೆ ಇಳಿಯಿತು. ಆದರೆ ಪಡೆದ ಒಟ್ಟು ಮತ 10 ಲಕ್ಷದಷ್ಟು ಏರಿತು, ನೆಲಕಚ್ಚಿದವರು ಲಿಬರಲ್ಲರು. ದೇಶದ ಎರಡನೇ ಪಕ್ಷ ಯಾವುದು ಎಂಬುದು ಅಲ್ಲಿಗೆ ತೀರ್ಮಾನವಾಯಿತು.

ಭಾರತದ ವಿಷಯದಲ್ಲಿ ಮಾತ್ರ ಈ ಮೊದಲ ಸರ್ಕಾರ ನಿರಾಶೆ. ಹಳೆಯ ಗೆಳೆಯ ಎಂದು ನಂಬಿದ್ದವರಿಗೆ 1924ರ ಅಕ್ಟೋಬರಿನಲ್ಲಿ ಸಿಕ್ಕಿದ್ದು ಬಂಗಾಳದ ಸುಗ್ರೀವಾಜ್ಞೆ, ವಿಚಾರಣೆ ಇಲ್ಲದೆ ಬಂಧನ. ಸುಭಾಷ್ ಚಂದ್ರ ಬೋಸ್ ಆ ತಿಂಗಳಲ್ಲೇ ಒಳಗೆ ಹೋದರು. ವಿರೋಧ ಪಕ್ಷದಲ್ಲಿದ್ದಾಗ, 1928ರಲ್ಲಿ, ವರ್ಷಗಳಲ್ಲ ತಿಂಗಳುಗಳಲ್ಲಿ ಭಾರತ ಡೊಮಿನಿಯನ್, ಅಂದರೆ ಸಾಮ್ರಾಜ್ಯದೊಳಗೇ ತನ್ನನ್ನು ತಾನು ಆಳಿಕೊಳ್ಳುವ ದೇಶ, ಆಗುವುದೆಂದು ಆಶಿಸುತ್ತೇನೆ ಎಂದು ಮ್ಯಾಕ್‌ಡೊನಾಲ್ಡ್ ಬಹಿರಂಗವಾಗಿ ಹೇಳಿದ. 1929ರ ಜೂನಿನಲ್ಲಿ ಮತ್ತೆ ಪ್ರಧಾನಿಯಾದ. 287 ಸ್ಥಾನ, ಮೊದಲ ಬಾರಿಗೆ ಅತಿ ದೊಡ್ಡ ಪಕ್ಷ. ತಿಂಗಳುಗಳು ಕಳೆದವು. 1930ರ ಏಪ್ರಿಲ್‌ನಲ್ಲಿ ನಮ್ಮ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಲಾಠಿ ಬೀಸಿದ ಸರ್ಕಾರದ ತುದಿಯಲ್ಲಿ, ಲಂಡನ್ನಿನಲ್ಲಿ, ಕೂತಿದ್ದುದು ಇದೇ ಲೇಬರ್ ಸಂಪುಟ. ಭಗತ್ ಸಿಂಗ್‌ರನ್ನು 1931ರ ಮಾರ್ಚಿನಲ್ಲಿ ಗಲ್ಲಿಗೇರಿಸಿದಾಗಲೂ ಅದೇ ಸಂಪುಟ.

ಇಷ್ಟಾದರೂ ದುಂಡುಮೇಜಿನ ಪರಿಷತ್ತು ಕರೆದದ್ದು ಸಣ್ಣ ಮಾತಲ್ಲ. 1930ರ ನವೆಂಬರಿನಲ್ಲಿ ಶುರುವಾದ ಮೊದಲ ಪರಿಷತ್ತಿನಲ್ಲಿ ಅಂಬೇಡ್ಕರ್ ಅವರು ದಲಿತರ ಪರವಾಗಿ ಸಾಮ್ರಾಜ್ಯದ ಎದುರು ಮಾತಾಡಿದರು. ನಮ್ಮ ಮೈಸೂರಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್ ಕೂಡ ಅಲ್ಲಿದ್ದರು. ಅಲ್ಪಸಂಖ್ಯಾತರ ಸಮಿತಿಗೆ ಮ್ಯಾಕ್‌ಡೊನಾಲ್ಡ್ ಖುದ್ದು ಅಧ್ಯಕ್ಷ.

ಎರಡನೆಯ ಪರಿಷತ್ತಿಗೆ ಗಾಂಧೀಜಿ ಲಂಡನ್ ತಲುಪುವ ಹೊತ್ತಿಗೆ ಅಲ್ಲಿ ಏನಾಗಿತ್ತು ಗೊತ್ತೇ? ಕರೆದ ಸರ್ಕಾರವೇ ಹೋಗಿತ್ತು.

ಅಮೆರಿಕದ ಷೇರುಪೇಟೆ ಕುಸಿದದ್ದು 1929ರ ಅಕ್ಟೋಬರಿನಲ್ಲಿ. ಬ್ರಿಟನ್ನಿನಲ್ಲಿ ಸುಮಾರು 11 ಲಕ್ಷ ಇದ್ದ ನಿರುದ್ಯೋಗಿಗಳ ಸಂಖ್ಯೆ ಎರಡು ವರ್ಷದಲ್ಲಿ 27 ಲಕ್ಷದ ಹತ್ತಿರ ಹೋಯಿತು. ಸರ್ಕಾರವೇ ಸಾಲ ಮಾಡಿ ಕೆಲಸ ಸೃಷ್ಟಿಸಲಿ ಎಂಬ ಸಲಹೆ ಸಂಪುಟದ ಹೊರಗೂ ಒಳಗೂ ಇತ್ತು. ಹಣಕಾಸು ಸಚಿವ ಫಿಲಿಪ್ ಸ್ನೋಡನ್ ಹಳೆಯ ಕಾಲದ ಲೆಕ್ಕಿಗ, ಬಜೆಟ್ ಸರಿತೂಗಬೇಕು, ಪೌಂಡಿನ ಬೆಲೆ ಚಿನ್ನಕ್ಕೆ ಕಟ್ಟಿಕೊಂಡೇ ಇರಬೇಕು. ಮ್ಯಾಕ್‌ಡೊನಾಲ್ಡ್‌ಗೆ ಅರ್ಥಶಾಸ್ತ್ರ ಗೊತ್ತಿರಲಿಲ್ಲ. ಆಗಲೇ ಕೇಳಿದ ಪ್ರಶ್ನೆ ಈಗ ಎದುರಿಗೆ ಬಂತು ನೋಡಿ. ಬಂಡವಾಳಶಾಹಿ ಕುಸಿಯುತ್ತಿದೆ, ಸಮಾಜವಾದಿಯೊಬ್ಬ ಪ್ರಧಾನಿ, ಮಾಡಲು ಆತನ ಬಳಿ ಏನೂ ಇಲ್ಲ. ವ್ಯವಸ್ಥೆ ಚೇತರಿಸಿಕೊಳ್ಳಲಿ ಎಂದು ಕಾಯುವುದೊಂದೇ ಆತನಿಗೆ ಉಳಿದದ್ದು.

1931ರ ಜುಲೈ ಕೊನೆಗೆ ಮೇ ಸಮಿತಿಯ ವರದಿ ಬಂತು. ಮೇ ಎಂಬುದು ಅಧ್ಯಕ್ಷನ ಹೆಸರು. ಬಜೆಟ್ಟಿನಲ್ಲಿ 12 ಕೋಟಿ ಪೌಂಡ್ ಕೊರತೆ ಬೀಳಲಿದೆ, ನಿರುದ್ಯೋಗ ಭತ್ಯೆಯನ್ನು ಶೇಕಡ 20ರಷ್ಟು ಕತ್ತರಿಸಿ ಎಂದಿತು ವರದಿ. ಪೌಂಡಿನ ಮೇಲೆ ನಂಬಿಕೆ ಹೋಗಿ ಲಂಡನ್ನಿನಿಂದ ಚಿನ್ನ ಹೊರಗೆ ಹರಿಯತೊಡಗಿತು. ನ್ಯೂಯಾರ್ಕಿನ ಬ್ಯಾಂಕರುಗಳು ಸಾಲ ಕೊಡಲು ಸಿದ್ಧ, ಖರ್ಚು ಇಳಿಸಿದ್ದು ಕಾಣಬೇಕು. ಆಗಸ್ಟ್ 23, ಭಾನುವಾರ ಸಂಜೆ ಸಂಪುಟ ಸೇರಿತು. ಭತ್ಯೆಯಲ್ಲಿ ಶೇಕಡ 10ರ ಕಡಿತ. ಪರ 11, ವಿರುದ್ಧ 9. ವಿರುದ್ಧ ಇದ್ದವರ ಮುಂದಾಳು ಆರ್ಥರ್ ಹೆಂಡರ್‌ಸನ್, 1914ರಲ್ಲಿ ಮ್ಯಾಕ್‌ಡೊನಾಲ್ಡ್ ಬಿಟ್ಟ ನಾಯಕತ್ವವನ್ನು ವಹಿಸಿಕೊಂಡವನು ಅವನೇ.

ಎಲ್ಲರ ರಾಜೀನಾಮೆ ತೆಗೆದುಕೊಂಡು ಮ್ಯಾಕ್‌ಡೊನಾಲ್ಡ್ ಅರಮನೆಗೆ ಹೋದ. ಸರ್ಕಾರ ಮುಗಿಯಿತು ಎಂದೇ ಸಹೋದ್ಯೋಗಿಗಳು ತಿಳಿದದ್ದು. ಮರುದಿನ ವಾಪಸು ಬಂದು, ಕನ್ಸರ್ವೇಟಿವ್ ಮತ್ತು ಲಿಬರಲ್ ಜೊತೆ ಸೇರಿ ರಾಷ್ಟ್ರೀಯ ಸರ್ಕಾರ, ಅದಕ್ಕೆ ತಾನೇ ಪ್ರಧಾನಿ ಎಂದ. ನೀವೇ ಈ ಕೆಲಸಕ್ಕೆ ಆಗಬೇಕಾದವರು ಎಂದು ದೊರೆ ಒತ್ತಾಯಿಸಿದ್ದ. ಸ್ನೋಡನ್, ಥಾಮಸ್, ಸ್ಯಾಂಕಿ ಮೂವರು ಸಚಿವರು ಜೊತೆಗೆ ಹೋದರು, ಬೆರಳೆಣಿಕೆಯ ಸಂಸದರು. ಪಕ್ಷಾಂತರ ನಮಗೆ ಹೊಸದಲ್ಲ. ಆದರೆ ನಾವು ನೋಡಿರುವುದು ಶಾಸಕರು ಹೋಗಿ ನಾಯಕ ಉಳಿಯುವುದನ್ನು. ಇಲ್ಲಿ ಪಕ್ಷ ಇದ್ದಲ್ಲೇ ಉಳಿಯಿತು, ನಾಯಕ ಹೋದ.

ದೊಡ್ಡ ಮನೆತನದ ಹೆಂಗಸರ ಸಹವಾಸ, ದರ್ಬಾರಿನ ಬೆಡಗು ಈತನನ್ನು ಕೆಡಿಸಿತು ಎಂದು ಲೇಬರ್‌ನವರು ಕಥೆ ಕಟ್ಟಿದರು. ನಾನು ಅದನ್ನು ಒಪ್ಪುವುದಿಲ್ಲ. 1914ರಲ್ಲಿ ಯಾವ ಬೆಡಗೂ ಇರಲಿಲ್ಲ, ಆಗಲೂ ಹೀಗೇ ನಿಂತಿದ್ದ. ಪಕ್ಷಕ್ಕಿಂತ ದೊಡ್ಡದಾದ ಕರ್ತವ್ಯ ತನಗೆ ಕಾಣುತ್ತಿದೆ, ಉಳಿದವರಿಗೆ ಕಾಣುತ್ತಿಲ್ಲ ಎಂಬ ಅಹಂಕಾರ ಎರಡು ಸಲವೂ ಇತ್ತು. 1914ರಲ್ಲಿ ಆ ಕರ್ತವ್ಯಕ್ಕಾಗಿ ಆತ ಅಧಿಕಾರ ಬಿಟ್ಟ, 1931ರಲ್ಲಿ ಇಟ್ಟುಕೊಂಡ. ಇನ್ನೂ ಮುಖ್ಯ, 1914ರಲ್ಲಿ ಆತ ತಿಳಿದು ಮಾತಾಡಿದ. 1931ರಲ್ಲಿ ಬ್ಯಾಂಕರುಗಳು ಹೇಳಿದ್ದನ್ನು ನಂಬಿದ. ಅವರ ಮಾತು ಎಷ್ಟು ದಿನ ನಿಂತಿತು? ಸಂಬಳ ಕಡಿತಕ್ಕೆ ಸಿಟ್ಟಾಗಿ ಸೆಪ್ಟೆಂಬರ್ ಮಧ್ಯದಲ್ಲಿ ಸ್ಕಾಟ್‌ಲೆಂಡಿನ ಇನ್ವರ್‌ಗಾರ್ಡನ್ ಬಂದರಿನಲ್ಲಿ ನೌಕಾಪಡೆಯ ನಾವಿಕರು ಹಡಗು ಹೊರಡಿಸಲು ಒಪ್ಪಲಿಲ್ಲ. ಚಿನ್ನದ ಓಟ ಇನ್ನೂ ಹೆಚ್ಚಿತು. ಸೆಪ್ಟೆಂಬರ್ 21ಕ್ಕೆ ಪೌಂಡನ್ನು ಚಿನ್ನದಿಂದ ಬಿಡಿಸಿದರು. ಯಾವುದನ್ನು ಉಳಿಸಲು ಪಕ್ಷ ಒಡೆಯಿತೋ ಅದು ಒಂದು ತಿಂಗಳೂ ಉಳಿಯಲಿಲ್ಲ, ಆಕಾಶವೇನೂ ಕಳಚಿ ಬೀಳಲಿಲ್ಲ. ಗಾಂಧೀಜಿ ಆಗ ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ, ಬಡವರ ನಡುವೆ ಇಳಿದುಕೊಂಡಿದ್ದರು.

ಸೆಪ್ಟೆಂಬರ್ 28ರಂದು ಪಕ್ಷ ಆತನನ್ನು ಉಚ್ಚಾಟಿಸಿತು. ಅಕ್ಟೋಬರ್ ಚುನಾವಣೆಯಲ್ಲಿ ರಾಷ್ಟ್ರೀಯ ಸರ್ಕಾರಕ್ಕೆ 554 ಸ್ಥಾನ, ಬಹುಪಾಲು ಕನ್ಸರ್ವೇಟಿವರದು. ಲೇಬರ್ ಐವತ್ತರ ಆಸುಪಾಸಿಗೆ ಬಿತ್ತು. ಹೆಂಡರ್‌ಸನ್ ಸಹಿತ ಸೋತ.

ಕೋಮುವಾರು ತೀರ್ಪನ್ನು ಕೊಟ್ಟದ್ದು ಈ ಪ್ರಧಾನಿ, ಸ್ವಂತ ಪಕ್ಷವಿಲ್ಲದ, ಕನ್ಸರ್ವೇಟಿವ್ ಬಹುಮತದ ಮೇಲೆ ಕೂತ ಪ್ರಧಾನಿ. ಪರಿಷತ್ತಿನಲ್ಲಿ ಭಾರತೀಯ ಪ್ರತಿನಿಧಿಗಳೇ ಒಮ್ಮತಕ್ಕೆ ಬರಲಾಗಲಿಲ್ಲ ಎಂಬ ನೆಪವೂ ನಿಜವೂ ಆದ ಕಾರಣ ಇತ್ತು. 1932ರ ಆಗಸ್ಟ್‌ನಲ್ಲಿ ತೀರ್ಪು ಹೊರಬಂತು. ದಲಿತರಿಗೆ ಪ್ರಾಂತೀಯ ಶಾಸನಸಭೆಗಳಲ್ಲಿ ಪ್ರತ್ಯೇಕ ಚುನಾಯಕರ, ಅಂದರೆ ದಲಿತರು ಮಾತ್ರ ಮತ ಹಾಕಿ ಆರಿಸುವ, 71 ಸ್ಥಾನ, ಜೊತೆಗೆ ಸಾಮಾನ್ಯ ಕ್ಷೇತ್ರದಲ್ಲೂ ಮತ. ಸೆಪ್ಟೆಂಬರ್ 20ಕ್ಕೆ ಗಾಂಧೀಜಿ ಉಪವಾಸ ಕೂತರು, 24ಕ್ಕೆ ಪೂನಾ ಒಪ್ಪಂದ. ಪ್ರತ್ಯೇಕ ಚುನಾಯಕರು ಹೋಗಿ 148 ಮೀಸಲು ಸ್ಥಾನ ಬಂದವು. ಆಗಿನ ಕನ್ನಡ ಜಿಲ್ಲೆಗಳಿಗೂ ಇದು ತಟ್ಟಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಸೇರಿದ್ದ ಬೊಂಬಾಯಿ ಪ್ರಾಂತ್ಯದಲ್ಲಿ 10 ಇದ್ದದ್ದು 15 ಆಯಿತು. ಮಂಗಳೂರು, ಬಳ್ಳಾರಿ ಇದ್ದ ಮದರಾಸಿನಲ್ಲಿ 18ರ ಜಾಗಕ್ಕೆ 30. ಇದನ್ನು ಬರೀ ಒಡೆದು ಆಳುವ ತಂತ್ರ ಎಂದು ಬಿಡುವುದು ಸುಲಭ. ಮುಸ್ಲಿಮರ, ಯುರೋಪಿಯನ್ನರ ಸ್ಥಾನಗಳ ಲೆಕ್ಕ ನೋಡಿದರೆ ಆ ಆರೋಪಕ್ಕೆ ಆಧಾರವಿದೆ. ದಲಿತರ ವಿಷಯಕ್ಕೆ ಬಂದರೆ, ಆ ಬೇಡಿಕೆಯನ್ನು ಲಂಡನ್ನಿನ ಮೇಜಿನ ಮೇಲೆ ಇಟ್ಟವರು ಅಂಬೇಡ್ಕರ್ ಎಂಬುದನ್ನು ಮರೆತು ಮಾತಾಡಬಾರದು.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. ಕಣ್ಣಿಗೆ ಗ್ಲಾಕೋಮಾ, 1932ರಲ್ಲಿ ಎರಡು ಆಪರೇಷನ್. ಬರೆದು ತಂದದ್ದನ್ನು ಓದಲಾಗದೆ ಭಾಷಣ ದಾರಿ ತಪ್ಪುತ್ತಿತ್ತು, ಒಂದು ಕಾಲದಲ್ಲಿ ಸಾವಿರಾರು ಜನರನ್ನು ಹಿಡಿದಿಟ್ಟ ಮಾತುಗಾರನನ್ನು ಸದನ ನಗೆಯಾಡಿತು. 1935ರ ಜೂನಿನಲ್ಲಿ ಪ್ರಧಾನಿ ಸ್ಥಾನ ಬಿಟ್ಟ. ಅದೇ ವರ್ಷದ ಚುನಾವಣೆಯಲ್ಲಿ ಕಲ್ಲಿದ್ದಲು ಗಣಿಯವರ ಸೀಹಮ್ ಕ್ಷೇತ್ರದಲ್ಲಿ ಹಳೆಯ ಬೆಂಬಲಿಗ ಶಿನ್‌ವೆಲ್‌ನ ಎದುರು 20,000ಕ್ಕೂ ಹೆಚ್ಚು ಮತಗಳಿಂದ ಸೋತ. 1937ರ ನವೆಂಬರ್ 9ರಂದು ದಕ್ಷಿಣ ಅಮೆರಿಕಕ್ಕೆ ಹೊರಟಿದ್ದ ಹಡಗಿನಲ್ಲಿ ಪ್ರಾಣ ಹೋಯಿತು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮಣ್ಣು ಮಾಡಲು ಅವಕಾಶ ಇತ್ತು, ಕುಟುಂಬದವರು ಅಲ್ಲಿ ಪ್ರಾರ್ಥನೆ ಮಾತ್ರ ಮಾಡಿಸಿ ಚಿತಾಭಸ್ಮವನ್ನು ಲಾಸಿಮತ್ ಬಳಿಯ ಸ್ಪೈನಿ ಸ್ಮಶಾನದಲ್ಲಿ ಮಾರ್ಗರೆಟ್‌ಳ ಪಕ್ಕ ಇಟ್ಟರು.

ಇನ್ನೊಂದು ವಿಷಯ. 1922ರಲ್ಲಿ ಮ್ಯಾಕ್‌ಡೊನಾಲ್ಡ್ ನಾಯಕನಾದಾಗ ಸಂಸತ್ತಿನಲ್ಲಿ ಆತನ ಆಪ್ತ ಸಹಾಯಕನಾಗಿದ್ದವನು ಕ್ಲೆಮೆಂಟ್ ಅಟ್ಲಿ. ಇದೇ ಅಟ್ಲಿ ಮುಂದೆ 1931ರ ಘಟನೆಯನ್ನು ದೇಶದ ರಾಜಕೀಯ ಇತಿಹಾಸದಲ್ಲೇ ಅತಿ ದೊಡ್ಡ ದ್ರೋಹ ಎಂದು ಬರೆದ. 1945ರಲ್ಲಿ ಲೇಬರ್ 393 ಸ್ಥಾನ ಗೆದ್ದು, ಮೊದಲ ಬಾರಿಗೆ ಸ್ವಂತ ಬಹುಮತ ಪಡೆದು, ಅಟ್ಲಿ ಪ್ರಧಾನಿಯಾದ. ಭಾರತದ ಸ್ವಾತಂತ್ರ್ಯದ ಕಾಯ್ದೆ ತಂದದ್ದು ಆ ಸರ್ಕಾರ. 1955ರಲ್ಲಿ ದೆಹಲಿಗೆ ಬ್ರಿಟಿಷ್ ಹೈಕಮಿಷನರ್ ಆಗಿ ಬಂದು ಐದು ವರ್ಷ ಇದ್ದವನು ಮಾಲ್ಕಮ್ ಮ್ಯಾಕ್‌ಡೊನಾಲ್ಡ್. ರಾಮ್ಸೆಯ ಮಗ, 1931ರಲ್ಲಿ ತಂದೆಯ ಜೊತೆ ಪಕ್ಷ ಬಿಟ್ಟ ಆ ಬೆರಳೆಣಿಕೆಯವರಲ್ಲಿ ಒಬ್ಬ.